ಭೂತವೆಂದರೆ ದೆವ್ವವೇ?

ಕೆಲವು ತಿಂಗಳ ಹಿಂದೆ ಗ್ರಂಥಭಂಡಾರವೊಂದರ ಮೂಲೆಯಲ್ಲಿ ಕುಳಿತು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯ ಹಳೆಯ ಸಂಪುಟಗಳನ್ನು ತಿರುವಿಹಾಕುತ್ತಿದ್ದೆ. ಹುಡುಕುತ್ತಿದ್ದುದು ಒಂದು ಶಾಸನದ ಪಾಠ. ಕಣ್ಣಿಗೆ ಬಿದ್ದವನು ನಮ್ಮೂರ ಕಲ್ಕುಡ. ೧೮೯೪ರಿಂದ ೧೮೯೭ರವರೆಗೆ ಕಂತುಕಂತಾಗಿ ಅಚ್ಚಾದ ಆ ಲೇಖನಮಾಲೆಯ ತಲೆಬರಹ 'ತುಳುವರ ದೆವ್ವಪೂಜೆ'. ದೆವ್ವವೆಂದು ನಾನೇ ಮೃದುಮಾಡಿ ಹೇಳುತ್ತಿದ್ದೇನೆ. ಮೂಲದಲ್ಲಿರುವ ಮಾತು 'ಡೆವಿಲ್', ಎಂದರೆ ದೇವರಿಗೆ ಎದುರು ನಿಂತ ಸೈತಾನ.

ಪಂಡಿತರ ಮೇಲೆ ಸಿಟ್ಟು ಬಂದಿತೆಂದು ಹೇಳಿಕೊಳ್ಳುವ ಅಧಿಕಾರ ನನಗಿಲ್ಲ. ಓದಲೆಂದು ಬೆಂಗಳೂರಿಗೆ ಬಂದ ಹೊಸತರಲ್ಲಿ ಜೊತೆಯ ಹುಡುಗರು "ನಿಮ್ಮ ಕಡೆ ಭೂತಕ್ಕೆ ಪೂಜೆ ಮಾಡುತ್ತಾರಂತೆ, ಹೌದೇನೋ?" ಎಂದು ಕೇಳಿ ನಕ್ಕಾಗ ನಾನೂ ಅವರೊಡನೆ ನಕ್ಕವನೇ. ಘಟ್ಟದ ಮೇಲಿನ ಕನ್ನಡದಲ್ಲಿ ಭೂತವೆಂದರೆ ಹುಣಿಸೆಮರದ ದೆವ್ವ. ಆ ದೆವ್ವ ಎಂಬ ಮಾತೂ ದೈವದ ತದ್ಭವವೇ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ದೊಡ್ಡ ಮನೆತನ ಕೆಟ್ಟು ಬೀದಿಗೆ ಬಂದಂತೆ ಶಬ್ದಗಳಿಗೂ ಕೇಡುಗಾಲ ಬರುತ್ತದೆ.

ಆ ಲೇಖನಮಾಲೆ ಎ. ಸಿ. ಬರ್ನೆಲ್ ಬಿಟ್ಟುಹೋದ ಕಾಗದಪತ್ರಗಳಿಂದ ಆದದ್ದು. ಮಂಗಳೂರಿನಲ್ಲೂ ತಂಜಾವೂರಿನಲ್ಲೂ ನ್ಯಾಯಾಧೀಶರಾಗಿದ್ದ ಬರ್ನೆಲ್ ಸಾಮಾನ್ಯರಲ್ಲ. ದಕ್ಷಿಣ ಭಾರತದ ಲಿಪಿಗಳ ಚರಿತ್ರೆಯನ್ನು ಬರೆದು ೧೮೭೪ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದವರು. ೧೮೮೨ರಲ್ಲಿ, ನಲವತ್ತೆರಡರ ಪ್ರಾಯದಲ್ಲೇ ತೀರಿಕೊಂಡರು. ಅವರು ಕೂಡಿಟ್ಟಿದ್ದ ತುಳು ಪಾಡ್ದನಗಳನ್ನು ಇಂಗ್ಲಿಷಿಗೆ ತಿರುಗಿಸಲು ನೆರವಾದವರು ಬಾಸೆಲ್ ಮಿಶನ್ನಿನ ಪಾದ್ರಿ ಆಗಸ್ಟ್ ಮ್ಯಾನರ್. ಈ ಮ್ಯಾನರ್ ೧೮೮೬ರಲ್ಲಿ ತುಳು ನಿಘಂಟನ್ನು ಹೊರತಂದರು. ಅದೇ ವರ್ಷ 'ಪಾಡ್ದನೊಳು' ಎಂಬ ಸಂಗ್ರಹವನ್ನೂ ಮಿಶನ್ನಿನ ಮುದ್ರಣಾಲಯದಿಂದಲೇ ಹೊರಡಿಸಿದರು. ಭೂತವನ್ನು ಬಿಡಿಸಲೆಂದು ಬಂದ ಸಭೆಯ ಅಚ್ಚುಮೊಳೆಗಳೇ ಭೂತದ ಹಾಡನ್ನು ಕಾಗದಕ್ಕೆ ಇಳಿಸಿದವು! ಹೆಸರಿಟ್ಟದ್ದು ತಪ್ಪು, ಉಳಿಸಿಕೊಟ್ಟದ್ದು ಉಪಕಾರ. ಎರಡನ್ನೂ ಹೇಳಬೇಕು.

ಅಲ್ಲಿದ್ದ ಕಲ್ಕುಡನ ಕಥೆಯನ್ನು ನಾನು ಚಿಕ್ಕಂದಿನಲ್ಲೇ ಕೇಳಿದ್ದೆ. ಶಂಭು ಕಲ್ಕುಡ ಬೆಳಗೊಳದಲ್ಲಿ ಕೆಲಸ ಮಾಡಿದ ಶಿಲ್ಪಿ. ಮಗ ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದವನು. ಇಂಥದ್ದನ್ನು ಇನ್ನೊಬ್ಬರಿಗೆ ಮಾಡಿಕೊಡಬಾರದೆಂದು ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಕಲ್ಕುಡ ಒಂದೇ ಕೈಯಿಂದ ವೇಣೂರಿನ ಗೊಮ್ಮಟನನ್ನು ಮಾಡಿದ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕಿಕೊಂಡು ಬಂದಳು. ಇಬ್ಬರೂ ಮಾಯವಾಗಿ ಭೂತಗಳಾದರು, ಅರಸನ ಮನೆಯನ್ನು ಕಾಡಿದರು. ಚರಿತ್ರಕಾರರು ಇಲ್ಲಿ ಕೈಚೆಲ್ಲಬೇಕು. ಬೆಳಗೊಳದ ಗೊಮ್ಮಟ ಹತ್ತನೆಯ ಶತಮಾನದವನು, ಕಾರ್ಕಳದ್ದು ೧೪೩೨, ವೇಣೂರಿನದು ೧೬೦೪. ಆರು ಶತಮಾನಗಳನ್ನು ಪಾಡ್ದನ ಅಪ್ಪ ಮಗನ ಆಯುಸ್ಸಿನಲ್ಲಿ ಮುಗಿಸಿಬಿಡುತ್ತದೆ. ತಾರೀಖಿಗಾಗಿ ಯಾರೂ ಪಾಡ್ದನ ಹಾಡುವುದಿಲ್ಲ. ಕೈ ಕಡಿಸಿಕೊಂಡವನ ಕಡೆಯ ಮಾತು ಅಲ್ಲಿದೆ.

ಎಲ್ಲ ಭೂತಗಳೂ ಹೀಗೆ ಹುಟ್ಟಿದವಲ್ಲ. ಪಂಜುರ್ಲಿ ಹಂದಿಯ ರೂಪದ್ದು, ಪಿಲಿಚಾಮುಂಡಿ ಹುಲಿಯದು. ಆದರೆ ಕೋಟಿ ಚೆನ್ನಯರು, ಕೊರಗ ತನಿಯ, ಕಲ್ಕುಡ ಕಲ್ಲುರ್ಟಿಯರು ಒಂದು ಕಾಲಕ್ಕೆ ಮನುಷ್ಯರಾಗಿದ್ದವರೆಂದೇ ನಂಬಿಕೆ. ಕೋಲದ ರಾತ್ರಿ ಇವರು ನುಡಿ ಕೊಡುತ್ತಾರೆ. ಗಡಿತಕರಾರು, ಅಣ್ಣತಮ್ಮಂದಿರ ವ್ಯಾಜ್ಯ, ಕೊಟ್ಟು ತಪ್ಪಿದ ಮಾತು, ಎಲ್ಲವೂ ಅಲ್ಲಿ ವಿಚಾರಣೆಗೆ ಬರುತ್ತವೆ. ಹಗಲು ಕಚೇರಿಯಲ್ಲಿ ತೀರ್ಪು ಬರೆಯುತ್ತಿದ್ದ ಬರ್ನೆಲ್ ಸಂಜೆ ಬಿಡಿಸಿ ಓದುತ್ತಿದ್ದುದು ಇನ್ನೊಂದು ನ್ಯಾಯಸ್ಥಾನದ ಕಡತವನ್ನು!

ಇಂಥ ಮತಾಚಾರಗಳ ಅಧ್ಯಯನ ಆ ತಲೆಬರಹದಿಂದ ಹೊರಬರಲು ನೂರು ವರ್ಷ ಹಿಡಿಯಿತು. ೧೯೮೪ರಲ್ಲಿ ಉಪಾಧ್ಯಾಯ ದಂಪತಿಗಳ ಇಂಗ್ಲಿಷ್ ಪುಸ್ತಕ, ಮರುವರ್ಷ ಬಿ. ಎ. ವಿವೇಕ ರೈಗಳ 'ತುಳು ಜನಪದ ಸಾಹಿತ್ಯ', ಆಮೇಲೆ ಕೆ. ಚಿನ್ನಪ್ಪ ಗೌಡರ 'ಭೂತಾರಾಧನೆ' ಬಂದವು. ಚಪ್ಪರದ ಒಳಗೆ ಬೆಳೆದವರೇ ಬರೆಯತೊಡಗಿದಾಗ ಪ್ರಶ್ನೆಗಳೂ ಬದಲಾದವು. ೧೯೯೦ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಇವರಿಬ್ಬರೊಡನೆ ಮಾಚಾರಿನ ಗೋಪಾಲ ನಾಯ್ಕರ ಎದುರು ಕುಳಿತು ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. ನಾಯ್ಕರು ಬೇಸಾಯಗಾರರು. ಹಾಡಿದ್ದು ೧೫,೬೮೩ ಸಾಲು. ೧೯೯೮ರಲ್ಲಿ ಹೆಲ್ಸಿಂಕಿಯಲ್ಲಿ ಅದು ಅಚ್ಚಾದಾಗ ಪುಸ್ತಕದ ಹೆಸರಿನಲ್ಲೇ 'ಗೋಪಾಲ ನಾಯ್ಕರು ಹಾಡಿದಂತೆ' ಎಂಬ ಮಾತು ಸೇರಿತ್ತು. ಬರ್ನೆಲ್ಲರ ಮಾಲೆಯ ತಲೆಯ ಮೇಲೆ ಇದ್ದುದು 'ದಿವಂಗತ ಬರ್ನೆಲ್ಲರ ಕಾಗದಗಳಿಂದ' ಎಂದು. ಈ ಎರಡು ಸಾಲುಗಳ ನಡುವಿನ ದಾರಿಯನ್ನೇ ನಾನು ಈ ಶಾಸ್ತ್ರದ ಚರಿತ್ರೆಯೆಂದು ಎಣಿಸುತ್ತೇನೆ. ಉಳಿದ ಸಿದ್ಧಾಂತಗಳನ್ನು ಬಲ್ಲವರು ವಿಚಾರಿಸಿಕೊಳ್ಳಲಿ.

ಸಂಪುಟವನ್ನು ಹಿಂತಿರುಗಿಸಿ ಮನೆಗೆ ಬಂದ ಮೇಲೂ ಅಜ್ಜಿಮನೆಯ ಅಂಗಳ ಕಣ್ಣೆದುರಿನಿಂದ ಹೋಗಲಿಲ್ಲ. ಕೋಲದ ದಿನ ಸಂಜೆ ನಲಿಕೆಯವರ ಒಬ್ಬ ಬಂದು ಅಂಗಳದ ಅಂಚಿನಲ್ಲಿ ನಿಂತು ಎಣ್ಣೆ ವೀಳ್ಯ ತೆಗೆದುಕೊಳ್ಳುತ್ತಿದ್ದ. ಚಾವಡಿಯ ಮೆಟ್ಟಿಲು ಅವನಿಗೆ ವರ್ಜ್ಯ. ನಡುರಾತ್ರಿ ಮುಖಕ್ಕೆ ಅರದಾಳ ಬಳಿದು, ಬೆನ್ನಿಗೆ ಅಣಿ ಕಟ್ಟಿ, ಕಾಲಿಗೆ ಗಗ್ಗರ ಏರಿಸಿದಾಗ ಗುತ್ತಿನ ಯಜಮಾನರಾದ ನನ್ನ ದೊಡ್ಡ ಮಾವ ಅವನ ಮುಂದೆ ಕೈಮುಗಿದು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಬೆಳಗಾದರೆ ಆತ ಪುನಃ ಅಂಗಳದ ಅಂಚಿನಲ್ಲಿ.

ಊರಿನಲ್ಲಿರುವ ಅತ್ತೆಗೆ ತೊಂಬತ್ತು ದಾಟಿದೆ. ಫೋನು ಮಾಡಿ ಆತನ ಹೆಸರೇನು ಎಂದು ಕೇಳಿದೆ. ಅತ್ತೆ ಮನೆಯ ದೈವಗಳ ಹೆಸರುಗಳನ್ನು ಒಂದೂ ಬಿಡದೆ ಹೇಳಿದರು. ಭಂಡಾರದ ಮನೆಯಿಂದ ಖಡ್ಸಲೆ ಹೊತ್ತು ತರುತ್ತಿದ್ದವರ ಹೆಸರು ಹೇಳಿದರು. ಆ ವರ್ಷ ಮಳೆ ಬಂದು ಕೋಲ ನಿಂತದ್ದನ್ನೂ ನೆನೆಸಿಕೊಂಡರು. ಆಮೇಲೆ ತುಸು ಹೊತ್ತು ಮಾತಿಲ್ಲ.

"ಹೆಸರು ಇತ್ತು ಮಗಾ, ಇಲ್ಲದೆ ಇರುತ್ತದೆಯೇ? ನಾವು ಯಾರೂ ಕೇಳಲಿಲ್ಲ" ಎಂದರು.