ಮಣ್ಣಿನ ಮನೆಯ ವಿದ್ಯೆ

ಭೀಮಾನದಿಯ ತೀರದ ಮಣ್ಣೂರ ಗ್ರಾಮವು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿಗೆ ಸೇರಿದ್ದು. ಗ್ರಾಮನಾಮಗಳ ವ್ಯುತ್ಪತ್ತಿಯನ್ನು ಬರಿಯ ಕಿವಿಯ ಬಲದಿಂದ ನಿರ್ಣಯಿಸುವದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೂ ಈ ಹೆಸರನ್ನು ಕೇಳಿದವರ ಮನದಲ್ಲಿ ಮಣ್ಣು ಸುಳಿಯದೆ ಇರದು. ಆಳಂದ, ಅಫಜಲಪುರ, ಜೇವರ್ಗಿಗಳ ಸೀಮೆಯಲ್ಲಿ ಮನೆಯೆಂಬದು ಬಹುಕಾಲದವರೆಗೆ ಮಣ್ಣಿನದೇ ಆಗಿತ್ತು. ಗೋಡೆಯ ಕಲ್ಲುಗಳನ್ನು ಹಿಡಿದು ನಿಲ್ಲಿಸಿದ್ದು ಮಣ್ಣು. ಮಾಳಿಗೆಯ ಮೇಲಿನ ಹೊದಿಕೆ ಮಣ್ಣು. ನೆಲದ ಸಾರಣೆ ಮಣ್ಣು. ಜೋಳವನ್ನು ತುಂಬಿಡುವ ಹಗೇವು ಸಹ ಮಣ್ಣಿನ ಗರ್ಭವೇ.

ಈಗ ಇದೇ ಮಣ್ಣನ್ನು ಚೀಲಗಳಲ್ಲಿ ತುಂಬಿ ಗೋಡೆ ಏರಿಸುವ ಕ್ರಮವನ್ನೂ, ಪರ್ಮಾಕಲ್ಚರ್ ಎಂಬ ಹೆಸರಿನ ಕೃಷಿಪದ್ಧತಿಯನ್ನೂ ಪಟ್ಟಣದ ತರುಣರು ಕಮ್ಮಟಗಳಲ್ಲಿ ಶುಲ್ಕ ತೆತ್ತು ಕಲಿಯುತ್ತಿರುವರು. ಕಮ್ಮಟವೆಂದರೆ ಪೂರ್ವದಲ್ಲಿ ನಾಣ್ಯ ಅಚ್ಚುಹಾಕುವ ಟಂಕಸಾಲೆ. ಕೈಯಿಂದ ಮಾಡಿ ಕಲಿಯುವ ಶಿಬಿರಕ್ಕೆ ಈ ಶಬ್ದವನ್ನು ಕೂಡಿಸಿದವರ ಜಾಣ್ಮೆ ಮೆಚ್ಚತಕ್ಕದ್ದು. ತಂದೆಯಿಂದ ಮಗನಿಗೆ ಬೆಲೆಯಿಲ್ಲದೆ ಬರುತ್ತಿದ್ದ ವಿದ್ಯೆಯು ಇಂದು ಶುಲ್ಕಕ್ಕೆ ದೊರೆಯುವ ಸ್ಥಿತಿ ಹೇಗೆ ಬಂತೆಂಬದು ವಿಚಾರಾರ್ಹವಾಗಿದೆ.

ಮಣ್ಣಿನ ವಿಷಯದಲ್ಲಿ ನಮ್ಮ ಪ್ರಾಚೀನರು ಗ್ರಂಥಗಳಲ್ಲಿಯೂ ಬರೆದಿಟ್ಟಿರುವರು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನಿವೇಶನದ ಪರೀಕ್ಷೆಯನ್ನು ಹೇಳುತ್ತಾನೆ: ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮುಚ್ಚಬೇಕು, ಮಣ್ಣು ಮಿಕ್ಕರೆ ಉತ್ತಮ, ಸರಿಹೋದರೆ ಮಧ್ಯಮ, ಕಡಿಮೆಬಿದ್ದರೆ ಅಧಮ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂದಕವನ್ನು ತೋಡಿದ ಮಣ್ಣಿನಿಂದಲೇ ಕೋಟೆಯ ವಪ್ರವನ್ನು ಕಟ್ಟಿ, ಆನೆ ಎತ್ತುಗಳಿಂದ ತುಳಿಸಿ ಗಟ್ಟಿಮಾಡಬೇಕೆಂಬ ವಿಧಿಯಿದೆ. ಆದರೆ ತುಳಿಯುವಾಗ ಮಣ್ಣಿನಲ್ಲಿ ಎಷ್ಟು ಹಸಿಯಿರಬೇಕೆಂಬದನ್ನು ಯಾವ ಶ್ಲೋಕವು ತಿಳಿಸೀತು? ಹಸಿ ಹೆಚ್ಚಾದರೆ ಗೋಡೆ ಒಣಗಿ ಬಿರಿಯುವದು, ಕಡಿಮೆಯಾದರೆ ಉದುರುವದು. ಅದನ್ನು ಅರಿಯಬೇಕಾದದ್ದು ಮುಷ್ಟಿ. ಈ ಭಾಗವು ಪುಸ್ತಕಕ್ಕೆ ಇಳಿಯದೆ ಗೌಂಡಿಯ ಕೈಯಲ್ಲಿಯೇ ಉಳಿದುಕೊಂಡಿತು.

ಭೀಮಾತೀರದ ಮಾಳಿಗೆ ಮನೆಯನ್ನೇ ನೋಡೋಣ. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಗಳ ಹಾಸು, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಸವಳುಮಣ್ಣನ್ನು ತಂದು ಹರವುವದುಂಟು. ಬೆಳೆಗೆ ಕೇಡಾದ ಸವಳು ಮಾಳಿಗೆಗೆ ಹಿತವಾದದ್ದು ಸೋಜಿಗದ ಮಾತಲ್ಲ. ಅದರಲ್ಲಿಯ ಕ್ಷಾರದಿಂದ ಜೇಡಿಯ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುವವು, ಆಮೇಲಿನ ಮಳೆ ಕೆಳಗೆ ಇಳಿಯದು. ಬೇಸಿಗೆಯ ಉರಿಬಿಸಿಲಿನಲ್ಲಿಯೂ ಈ ಮನೆಗಳ ಒಳಗೆ ತಂಪು. ಆದರೆ ಈ ಕ್ರಮದಲ್ಲಿ ಒಂದು ಅಪಾಯವು ಅಡಗಿತ್ತು. ಹಳೆಯ ಮಣ್ಣನ್ನು ಕೆರೆದು ಇಳಿಸದೆ ವರ್ಷವರ್ಷವೂ ಹೊಸದನ್ನು ಹೇರುತ್ತ ಹೋದರೆ ಹೊದಿಕೆಯು ದಪ್ಪವಾಗುವದು. ಅರ್ಧ ಮೀಟರು ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 800 ಕಿಲೋಗ್ರಾಂ ತೂಗುವದು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ಮಲಗಿದವನ ನೆತ್ತಿಯ ಮೇಲೆ ಏಳು ಟನ್ನಿಗೂ ಮಿಕ್ಕಿದ ಭಾರ!

ಆ ಭಾರವು ಏನು ಮಾಡಬಲ್ಲದೆಂಬದು 1993 ನೆಯ ಸಪ್ಟಂಬರ 30 ರಂದು ತಿಳಿದುಬಂತು. ಗಣಪತಿಯ ವಿಸರ್ಜನೆ ಮುಗಿಸಿ ಜನರು ಮಲಗಿದ್ದ ರಾತ್ರಿ. ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷಗಳಿರಲು ಆಳಂದ ಸೀಮೆಯ ಆಚೆಗಿನ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಂಪದ ಪ್ರಮಾಣ 6.2, ಅಂಥ ಕಂಪಗಳು ಬೇರೆ ದೇಶಗಳಲ್ಲಿ ಇಷ್ಟು ಜೀವಗಳನ್ನು ಕೊಳ್ಳದೆ ಹೋದದ್ದುಂಟು. ಇಲ್ಲಿ ಮಡಿದವರು ಸಾವಿರ ಸಾವಿರ. ಕಲಬುರಗಿಯ ಹಳ್ಳಿಗಳ ಮನೆಗಳೂ ಅದೇ ಬಗೆಯವಾದದ್ದರಿಂದ ಈ ಕಡೆಯ ಜನರ ಎದೆಯಲ್ಲಿಯೂ ಭಯ ಹೊಕ್ಕಿತು. ಮಣ್ಣಿನ ಮನೆ ಕೊಂದಿತೆಂಬ ಮಾತು ಊರಿಂದೂರಿಗೆ ಹಬ್ಬಿತು.

ಆ ಮಾತು ಅರ್ಧ ಸತ್ಯ. ಪರೀಕ್ಷಿಸಿದ ಇಂಜಿನಿಯರರು ಕಂಡದ್ದೇನೆಂದರೆ, ಎರಡಡಿ ಮೂರಡಿ ದಪ್ಪದ ಆ ಗೋಡೆಗಳು ನಿಜವಾಗಿ ಒಂದು ಗೋಡೆಯಾಗಿರಲಿಲ್ಲ. ಒಳಗೊಂದು ಹೊರಗೊಂದು ಗುಂಡುಕಲ್ಲಿನ ಪದರು, ನಡುವೆ ಹುಡಿಗಲ್ಲು ಮಣ್ಣು. ಎರಡನ್ನೂ ಬಿಗಿಯುವ ಅಡ್ಡಗಲ್ಲು ಇಲ್ಲ. ನೆಲ ಅಲುಗಿದೊಡನೆ ಪದರುಗಳು ಅಗಲಿ ಕಲ್ಲು ಸುರಿಯಿತು. ಎಷ್ಟೋ ಕಡೆ ಮರದ ಕಂಬ ತೊಲೆಗಳ ಚೌಕಟ್ಟು ಹಾಗೆಯೇ ನಿಂತಿತ್ತು. ಹುಲ್ಲು ಹೊದಿಸಿದ ಬಡವರ ಗುಡಿಸಲುಗಳಿಗೆ ಹಾನಿ ಅತಿ ಕಡಿಮೆ. ಅಡ್ಡಗಲ್ಲನ್ನು ಇಡುವದೂ ಮಾಳಿಗೆಯ ಮಣ್ಣನ್ನು ಹಗುರಮಾಡುವದೂ ಹಣದ ಕೆಲಸವಲ್ಲ, ತಿಳಿವಳಿಕೆಯ ಕೆಲಸ. ಮರಣಕ್ಕೆ ಕಾರಣ ಮಣ್ಣು ಎನ್ನುವದಕ್ಕಿಂತ ಕೈಯ ವಿದ್ಯೆ ಸವೆದುಹೋದದ್ದು ಎನ್ನುವದು ನ್ಯಾಯವಾದೀತು. ಆದರೆ ಮಕ್ಕಳನ್ನು ಕಳಕೊಂಡವರ ಮುಂದೆ ಈ ತರ್ಕ ನಡೆಯದು. ಅನುಕೂಲವಿದ್ದವರು ಕಾಂಕ್ರೀಟಿಗೆ ತಿರುಗಿದರೆಂದು ಅವರನ್ನು ದೂರುವದು ಸಲ್ಲದು.

ಮಣ್ಣನ್ನು ಬಿಡದೆ ಅದರ ದೋಷವನ್ನು ತೆಗೆಯುವ ಯತ್ನಗಳು ಬೇರೆಡೆ ನಡೆದೇ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಪ್ರಾರಂಭವಾದ ಅಸ್ತ್ರ ಎಂಬ ವಿಭಾಗದವರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿದ ಇಟ್ಟಿಗೆಯನ್ನು ಬಳಕೆಗೆ ತಂದರು. ಚೀಲದ ದಾರಿ ಬೇರೆ. ಮರಳುಚೀಲವು ಮೊದಲು ಸೈನಿಕರ ಸಾಧನ, ನೆರೆಯನ್ನು ತಡೆಯುವವರ ಸಾಧನ. ಅದರಿಂದ ವಾಸದ ಮನೆ ಕಟ್ಟುವ ಪ್ರಯೋಗವನ್ನು ಜರ್ಮನಿಯ ಗೆರ್ನೋಟ್ ಮಿಂಕೆಯವರು 1976 ರ ಸುಮಾರಿಗೆ ಕಾಸೆಲ್ ನಗರದಲ್ಲಿ ನಡೆಸಿ, ಭೂಕಂಪದಿಂದ ನೊಂದ ಗ್ವಾಟೆಮಾಲಾ ದೇಶದಲ್ಲಿ 1978 ರಲ್ಲಿ ಮನೆಯನ್ನೇ ಕಟ್ಟಿಸಿದರು. ಅದಕ್ಕೆ ಲೋಕಪ್ರಸಿದ್ಧಿ ತಂದವರು ಇರಾಣದ ನಾದೆರ್ ಖಲೀಲಿ (1936–2008). ಅವರು 1975 ರಲ್ಲಿ ಪಟ್ಟಣದ ವಾಸ್ತುಶಿಲ್ಪದ ವೃತ್ತಿಯನ್ನು ತ್ಯಜಿಸಿ, ಮೋಟಾರುಸೈಕಲ್ಲನ್ನೇರಿ ಮರುಭೂಮಿಯ ಹಳ್ಳಿಗಳಲ್ಲಿ ಸಂಚರಿಸಿ ಅಲ್ಲಿಯ ಕೆಲಸಗಾರರಿಂದ ಮಣ್ಣಿನ ಕಮಾನು ಗುಮ್ಮಟಗಳ ವಿದ್ಯೆಯನ್ನು ಕಲಿತರು. ಪಂಡಿತನು ಹಳ್ಳಿಯವನ ಶಿಷ್ಯನಾದನೆಂಬದೇ ಈ ಕಥೆಯಲ್ಲಿ ದೊಡ್ಡದು. ಮುಂದೆ ಅಮೇರಿಕೆಯ ಕ್ಯಾಲಿಫೋರ್ನಿಯದಲ್ಲಿ ಶಾಲೆ ತೆರೆದು, ಉದ್ದ ಚೀಲಗಳಲ್ಲಿ ಮಣ್ಣು ತುಂಬಿ ಸುರುಳಿಯಾಗಿ ಸುತ್ತಿ ಗುಮ್ಮಟವೇರಿಸುವದನ್ನು ಕಲಿಸಿದರು. 1995 ರಲ್ಲಿ ಇರಾಣಕ್ಕೆ ವಲಸೆ ಬಂದ ಇರಾಕದ ನಿರಾಶ್ರಿತರಿಗೆ ಇದೇ ಕ್ರಮದಿಂದ ಮನೆಗಳಾದವು. 2004 ರಲ್ಲಿ ಆಗಾಖಾನ ಪುರಸ್ಕಾರವು ದೊರೆಯಿತು. ಇರಾಣದ ಗುಮ್ಮಟವಿದ್ಯೆಗೂ ನಮ್ಮ ಸೀಮೆಗೂ ಪರಿಚಯ ಹಳೆಯದು: ಕಲಬುರಗಿಯ ಕೋಟೆಯೊಳಗಿನ 1367 ರ ಜಾಮೀ ಮಸೀದಿಯನ್ನು ಕಟ್ಟಿದ ರಫಿಯು ಇರಾಣದ ಕಜ್ವೀನದವನೆಂದು ಶಾಸನವಿದೆ.

ಕಮ್ಮಟದ ಮೊದಲ ದಿನವು ಮಣ್ಣಿನ ಪರೀಕ್ಷೆಗೆ ಸಲ್ಲುವದು. ಗಾಜಿನ ಶೀಶೆಯಲ್ಲಿ ಮಣ್ಣು ನೀರು ಹಾಕಿ ಕುಲುಕಿ ಇಟ್ಟರೆ ಅಡಿಯಲ್ಲಿ ಮರಳು, ಅದರ ಮೇಲೆ ನುಣ್ಮಣ್ಣು, ಎಲ್ಲಕ್ಕೂ ಮೇಲೆ ಜೇಡಿ ಬೇರೆಬೇರೆಯಾಗಿ ಕೂಡುವವು. ಎರಡು ಪಾಲಿಗೂ ಮಿಕ್ಕಿ ಮರಳು, ಉಳಿದದ್ದು ಜೇಡಿ ಇದ್ದರೆ ಲೇಸು. ಅನಂತರ ಮುಷ್ಟಿಯ ಉಂಡೆಯನ್ನು ಕೆಳಗೆ ಬಿಟ್ಟು ನೋಡುವದು: ಚಪ್ಪಟೆಯಾದರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ಚೀಲವನ್ನು ಸಾಲಾಗಿ ಮಲಗಿಸಿ, ದಮ್ಮಸಿನಿಂದ ಕುಟ್ಟಿ, ಸಾಲುಸಾಲಿನ ನಡುವೆ ಮುಳ್ಳುತಂತಿಯನ್ನು ಹಾಯಿಸುವರು. ಕಿಲ್ಲಾರಿಯ ಗೋಡೆಯಲ್ಲಿ ಇಲ್ಲದೆ ಹೋದ ಅಡ್ಡಗಲ್ಲಿನ ಕೆಲಸವನ್ನು ಒಂದು ರೀತಿಯಿಂದ ಈ ಮುಳ್ಳುತಂತಿಯೇ ಮಾಡುವದು. ಪ್ಲಾಸ್ಟಿಕ್ಕಿನ ಚೀಲವು ಬಿಸಿಲಿಗೆ ಬೇಗ ಜೀರ್ಣವಾಗುವದರಿಂದ ಗಿಲಾವಿಗೆ ತಡಮಾಡಲಾಗದು.

ಇದರ ಜೊತೆಗೆ ಕಲಿಸುವ ಪರ್ಮಾಕಲ್ಚರಿನ ಮಾತು. ಆಸ್ಟ್ರೇಲಿಯದ ಬಿಲ್ ಮಾಲಿಸನ್ ಹಾಗೂ ಡೇವಿಡ್ ಹೋಮ್‌ಗ್ರೆನ್ ಇವರು 1978 ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಹೆಸರು ಹರಡಿತು. ನಮಗೆ ಸಮೀಪದಲ್ಲಿ ಅದು ಬೇರೂರಿದ್ದು ಜಹೀರಾಬಾದಿನ ಹತ್ತಿರದ ಪಸ್ತಾಪುರದಲ್ಲಿ. ಅಲ್ಲಿ 1983 ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸಾಯಿಟಿಯು ಬಡ ದಲಿತ ಸ್ತ್ರೀಯರ ಸಂಘಗಳನ್ನು ಕಟ್ಟಿ ಬೀಜಸಂರಕ್ಷಣೆಯನ್ನೂ ಮಿಶ್ರಬೆಳೆಯನ್ನೂ ನಡೆಸುತ್ತ ಬಂದಿದೆ. ಇಂದು ತೆಲಂಗಾಣಕ್ಕೆ ಸೇರಿದ ಜಹೀರಾಬಾದು 1956 ರವರೆಗೆ ನಮ್ಮ ಬೀದರ ಜಿಲ್ಲೆಯ ತಾಲೂಕೇ. ಒಂದೇ ಹೊಲದಲ್ಲಿ ಹಲವು ಬೆಳೆಗಳನ್ನು ಕೂಡಿಸುವ ತತ್ತ್ವವು ಜೋಳ ತೊಗರಿಗಳ ನಡುವೆ ಅಕ್ಕಡಿ ಸಾಲು ಬಿಡುವ ನಮ್ಮ ಒಕ್ಕಲಿಗನಿಗೆ ಉಪದೇಶವಾಗಿ ಬೇಕಿಲ್ಲ. ಒಡ್ಡು ಹಾಕಿ ಮಳೆನೀರನ್ನು ಹಿಡಿಯುವದೂ ಅವನಿಗೆ ಗೊತ್ತು. ಹೊಸದೆಂದರೆ ಮನೆ, ನೀರು, ದನ, ಗಿಡ ಇವುಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಕೂಡಿಸಿ ನೋಡುವ ದೃಷ್ಟಿ.

ಚೀಲದ ಮನೆ ಮಣ್ಣೂರಿನಂಥ ಊರಿಗೆ ಹೊಂದುವದೋ? ಅಡಚಣೆ ಎರಡು. ಅಲ್ಲಿಯದು ಎರೆ ಭೂಮಿ. ಎರೆಮಣ್ಣು ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವದು. ಅದನ್ನು ಹಾಗೆಯೇ ತುಂಬಲಾಗದು. ಗರಸನ್ನು ಬೆರೆಸಬೇಕು, ಇಲ್ಲವೆ ಸುಣ್ಣದಿಂದ ಪಳಗಿಸಬೇಕು. ಎರಡನೆಯದು ಭೀಮೆ. 2020 ರ ಅಕ್ಟೋಬರದ ಮಹಾಪೂರದಲ್ಲಿ ಅಫಜಲಪುರ ಜೇವರ್ಗಿಗಳ ತೀರದ ಹಳ್ಳಿಗಳಿಗೆ ನೀರು ನುಗ್ಗಿತ್ತು, ನಿಂತ ನೀರಿಗೆ ಬರಿ ಮಣ್ಣಿನ ಗೋಡೆ ಕರಗುವದು. ಆದುದರಿಂದ ಕೆಳಗಿನ ಸಾಲುಗಳ ಚೀಲದಲ್ಲಿ ಮಣ್ಣಿಗೆ ಬದಲು ಕಡಿ ತುಂಬುವದುಂಟು. ಹಿರಿಯರು ಪಾಯದಿಂದ ಮೊಳದೆತ್ತರ ಕಲ್ಲು ಕಟ್ಟಿ ಅದರ ಮೇಲೆಯೇ ಮಣ್ಣಿನ ಗೋಡೆಯನ್ನು ಏರಿಸುತ್ತಿದ್ದದ್ದು ಇದೇ ಕಾರಣಕ್ಕೆ.