ಪಾರ್ಲಿಮೆಂಟಿನ ಅಧಿಕಾರವೂ ಭೋಸರಿಯ ಕನ್ನಡಿಗರೂ

ಪುಣೆ ಜಿಲ್ಲೆಯ ಭೋಸರಿಯೂ ಧಾರವಾಡವೂ 1956ರ ಅಕ್ಟೋಬರ್ 31ರವರೆಗೆ ಒಂದೇ ಮುಂಬಯಿ ರಾಜ್ಯದ ಊರುಗಳಾಗಿದ್ದವು. ವಿಜಾಪುರದಿಂದ ಪುಣೆಯ ಕಡೆಗೆ ದುಡಿಯಲು ಹೋದವನು ರಾಜ್ಯವನ್ನು ಬಿಟ್ಟವನಾಗುತ್ತಿರಲಿಲ್ಲ. ಮರುದಿನ ಧಾರವಾಡ, ವಿಜಾಪುರ, ಕಾರವಾರ ಜಿಲ್ಲೆಗಳೂ ಚಂದಗಡ ತಾಲೂಕನ್ನುಳಿದ ಬೆಳಗಾವಿ ಜಿಲ್ಲೆಯೂ ಮೈಸೂರು ರಾಜ್ಯವನ್ನು ಸೇರಿದವು. ಪುಣೆಯ ಕನ್ನಡಿಗನು ಕುಳಿತಲ್ಲಿಯೇ ಹೊರನಾಡಿನವನಾದನು. ಈ ಬದಲಾವಣೆಯನ್ನು ಮಾಡಿದ ಅಧಿಕಾರ ಎಂಥದು, ಅದರ ಬೆನ್ನಿಗಿರುವ ಹೊಣೆ ಎಷ್ಟು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಸಂವಿಧಾನದ 3ನೆಯ ಅನುಚ್ಛೇದವು ಹೊಸ ರಾಜ್ಯವನ್ನು ರಚಿಸುವ, ಇದ್ದ ರಾಜ್ಯದ ಸೀಮೆಯನ್ನೂ ಹೆಸರನ್ನೂ ಬದಲಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿದೆ. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಬೇಕು. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನು ಕೇಳಬೇಕು. ಆದರೆ ಅಭಿಪ್ರಾಯ ಕೇಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ. 1955ರ ಐದನೆಯ ತಿದ್ದುಪಡಿಯು ಆ ಅಭಿಪ್ರಾಯಕ್ಕೂ ಅವಧಿಯನ್ನು ಗೊತ್ತುಪಡಿಸಿತು. 4ನೆಯ ಅನುಚ್ಛೇದದ ಮೇರೆಗೆ ಇಂಥ ಕಾನೂನಿಗೆ ವಿಶೇಷ ಬಹುಮತವೂ ಬೇಕಿಲ್ಲ.

ಈ ಅಧಿಕಾರದ ವಿಸ್ತಾರವು ಮುಂಬಯಿಯ ವಿಷಯದಲ್ಲಿಯೇ ಪರೀಕ್ಷೆಗೊಳಗಾಯಿತು. 1956ರ ಮಸೂದೆಯಲ್ಲಿ ಮಹಾರಾಷ್ಟ್ರ, ಗುಜರಾತ, ಮುಂಬಯಿ ನಗರ ಎಂಬ ಮೂರು ಪ್ರತ್ಯೇಕ ಘಟಕಗಳಿದ್ದವು. ಪಾರ್ಲಿಮೆಂಟು ಅದನ್ನು ತಿದ್ದಿ ದ್ವಿಭಾಷಾ ಮುಂಬಯಿ ರಾಜ್ಯವನ್ನು ನಿರ್ಮಿಸಿತು. ಹೊಸ ರೂಪವನ್ನು ವಿಧಾನಮಂಡಲಕ್ಕೆ ಮತ್ತೆ ಕಳುಹಲಿಲ್ಲವೆಂದು ಬಾಬುಲಾಲ ಪರಾಟೆಯವರು ನ್ಯಾಯಾಲಯದ ಮೊರೆಹೊಕ್ಕರು. ಪ್ರತಿಯೊಂದು ತಿದ್ದುಪಡಿಗೂ ಮತ್ತೆ ಅಭಿಪ್ರಾಯ ಕೇಳಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ತೀರ್ಪಿತ್ತಿತು. ಆ ದ್ವಿಭಾಷಾ ರಾಜ್ಯವನ್ನೂ ಪಾರ್ಲಿಮೆಂಟೇ 1960ರ ಮೇ 1ರಂದು ಎರಡಾಗಿಸಿತು; ಭೋಸರಿಯು ಮಹಾರಾಷ್ಟ್ರದ ಊರಾಯಿತು.

ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದದ್ದು ಇದೇ ಅಧಿಕಾರದಿಂದ. 1973ರಲ್ಲಿ ಮೈಸೂರು ಕರ್ನಾಟಕವೆಂಬ ಹೆಸರು ಪಡೆದದ್ದೂ ಇದರಿಂದಲೇ. ಏಕೀಕರಣಕ್ಕಾಗಿ ಹಂಬಲಿಸಿದ ಪುಣೆಯ ಕನ್ನಡಿಗನಿಗೆ ಹರ್ಷವೂ ಅಗಲಿಕೆಯೂ ಒಂದೇ ಕಾನೂನಿನಿಂದ ದೊರೆತವು. ಆದ್ದರಿಂದ ಅಧಿಕಾರವನ್ನು ನಿಂದಿಸಿ ಫಲವಿಲ್ಲ. ಹೊಣೆಯನ್ನು ಕೇಳುವುದೇ ನ್ಯಾಯ.

ಆ ಹೊಣೆಯನ್ನು ಪಾರ್ಲಿಮೆಂಟು ಮರೆತಿರಲಿಲ್ಲ. 1956ರ ಏಳನೆಯ ತಿದ್ದುಪಡಿಯು 350 ಎ, 350 ಬಿ ಅನುಚ್ಛೇದಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ರಕ್ಷಣೆಗಳನ್ನು ಪರಿಶೀಲಿಸುವ ವಿಶೇಷಾಧಿಕಾರಿಯ ವರದಿಯು ಉಭಯ ಸದನಗಳ ಮುಂದೆ ಬರಬೇಕೆಂದು ಎರಡನೆಯದು ವಿಧಿಸುತ್ತದೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಅಧ್ಯಾಪಕರನ್ನು ನೇಮಿಸಬೇಕೆಂದು ಶಿಕ್ಷಣಮಂತ್ರಿಗಳ ಸಮ್ಮೇಳನವು 1949ರಲ್ಲಿಯೇ ನಿರ್ಣಯಿಸಿತ್ತು. ಈ ರಕ್ಷಣೆಗಳು ಬೆಳಗಾವಿಯ ಮರಾಠಿಗನಿಗೂ ಪುಣೆಯ ಕನ್ನಡಿಗನಿಗೂ ಸಮಾನ.

ಆದರೆ ಇಲ್ಲೊಂದು ಅಸಮತೆಯಿದೆ. ಸೀಮೆಯನ್ನು ಎಳೆಯುವ ಅಧಿಕಾರದಲ್ಲಿ ‘ಯತ್ನ’ವೆಂಬ ಮಾತಿಲ್ಲ, ಸೀಮೆಯಾಚೆ ಉಳಿದವರ ರಕ್ಷಣೆಯಲ್ಲಿ ಅದೇ ಮುಖ್ಯವಾದ ಮಾತು. ಅಧಿಕಾರವು ದಿಲ್ಲಿಯಲ್ಲಿ ಉಳಿಯಿತು. ಕರ್ತವ್ಯದ ಬಹುಭಾಗ ರಾಜ್ಯಕ್ಕೂ ನಗರಸಂಸ್ಥೆಗೂ ಇಳಿಯಿತು. ರಾಷ್ಟ್ರಪತಿಯು ರಾಜ್ಯಗಳಿಗೆ ನಿರ್ದೇಶನ ಕೊಡಬಹುದೆಂಬುದು ನಿಜ. ಆದರೆ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ವರದಿಯನ್ನು ಸದನದಲ್ಲಿಡುವುದು ಕಡ್ಡಾಯ, ಚರ್ಚಿಸುವುದು ಸದಸ್ಯರ ಇಚ್ಛೆ.

1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ಅಭಿವೃದ್ಧಿ ನಿಗಮವು ಸ್ಥಾಪಿತವಾದ ಮೇಲೆ ಭೋಸರಿಯು ಕಾರಖಾನೆಗಳ ಊರಾಗಿ ಬೆಳೆಯಿತು. ಈಗ ಅದು 1982ರಲ್ಲಿ ರಚಿತವಾದ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯ ಭಾಗ. ಲೋಕಸಭೆಗೆ ಅದು ಶಿರೂರು ಕ್ಷೇತ್ರಕ್ಕೆ ಸೇರಿದೆ. ಅಲ್ಲಿ ನೆಲೆಸಿದ ಕನ್ನಡಿಗನು ಮರಾಠಿಯನ್ನು ಪ್ರೀತಿಯಿಂದ ಕಲಿಯಲಿ. ನೆಲದ ಋಣ ಅದು. ಜೊತೆಗೆ ತನ್ನ ಕ್ಷೇತ್ರದ ಸದಸ್ಯನನ್ನು, ಆತ ಯಾವ ಭಾಷೆಯವನೇ ಆಗಿರಲಿ, ಆ ವರದಿಯನ್ನು ಓದಿದಿರಾ ಎಂದು ಕೇಳಲಿ. ಗೆರೆ ಎಳೆದ ಸಭೆಗೆ ಗೆರೆಯ ಎರಡೂ ಬದಿಯವರು ಮತದಾರರೇ.