ರುಫೈದಾ: ಹೆಸರಿನೊಳಗೊಂದು ಆಸರೆ

ಮಗು ಹುಟ್ಟಿ ಏಳನೆಯ ದಿನ ಹತ್ತಿರವಾಗುತ್ತಿದ್ದಂತೆ ಮನೆಯಲ್ಲಿ ಎರಡೇ ಮಾತು: ಅಕೀಕಾ ಹೇಗೆ, ಹೆಸರೇನು? ಹೆಣ್ಣು ಮಗುವಾದರೆ ಅಜ್ಜಿ ಫಾತಿಮಾ ಎನ್ನುತ್ತಾರೆ, ಅತ್ತೆ ಆಯಿಶಾ ಎನ್ನುತ್ತಾರೆ. ಮಗುವಿನ ತಾಯಿ ಮಾತ್ರ ನೆರೆಕರೆಯಲ್ಲಿ ಯಾರೂ ಇಟ್ಟಿರದ ಹೆಸರು ಹುಡುಕುತ್ತಾಳೆ. ಹಾಗೆ ಹುಡುಕುವವರ ಕಣ್ಣಿಗೆ ಬೀಳುವ ಹೆಸರುಗಳಲ್ಲಿ ರುಫೈದಾ ಒಂದು. ಮದ್ರಸಾದ ಹಾಜರಿ ಪುಸ್ತಕದಲ್ಲಿ ಝುಬೈದಾ, ಹುಮೈರಾ ಸಿಕ್ಕಷ್ಟು ಸುಲಭವಾಗಿ ರುಫೈದಾ ಸಿಗುವುದಿಲ್ಲ. ಹಾಗಾಗಿ "ಇದೆಂಥ ಹೆಸರು, ಅರ್ಥವೇನು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಮಗಳಿಗೆ ಈ ಹೆಸರಿಡುವವರು ಉತ್ತರವನ್ನೂ ತಿಳಿದಿರಬೇಕು.

ಈ ಹೆಸರು ಹುಟ್ಟಿದ್ದು ಆಧಾರ ಕೊಡುವುದು, ನೆರವಾಗುವುದು ಎಂಬ ಅರ್ಥವಿರುವ ಅರಬಿ ಧಾತುವಿನಿಂದ. ಪ್ರವಾದಿ(ಸ)ಯವರ ಪೂರ್ವಜ ಕುಸಯ್ಯ್ ಮಕ್ಕಾದಲ್ಲಿ ಹಜ್ಜ್ ಯಾತ್ರಿಕರಿಗೆ ಊಟ ಹಾಕುವ ವ್ಯವಸ್ಥೆಯೊಂದನ್ನು ಮಾಡಿದ್ದರು. ಕುರೈಶರು ಅದಕ್ಕಾಗಿ ಹಣ ಕೂಡಿಸುತ್ತಿದ್ದರು. ಮುಂದೆ ಹಾಶಿಮ್ ಅದನ್ನು ನಡೆಸಿದರು. ಆ ಸೇವೆಯ ಹೆಸರು ರಿಫಾದಾ. ಇರಾಕಿನ ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳನ್ನು ಅರಬರು ಒಟ್ಟಾಗಿ ರಾಫಿದೈನ್ ಎಂದು ಕರೆಯುತ್ತಾರೆ. ಅವೆಲ್ಲ ಒಂದೇ ಬೇರಿನ ಚಿಗುರುಗಳು. ರುಫೈದಾ ಎಂಬುದು ಅದೇ ಬೇರಿನಿಂದ ಪ್ರೀತಿಯಿಂದ ಚಿಕ್ಕದು ಮಾಡಿ ಕರೆದ ರೂಪ. ಹುಮೈರಾ, ಝುಬೈದಾ ಇದ್ದ ಹಾಗೆ. ಪುಟ್ಟ ಆಸರೆ ಎನ್ನಬಹುದು.

ಹೆಸರಿಗೆ ಇತಿಹಾಸದಲ್ಲಿ ಸ್ಥಾನ ಸಿಕ್ಕಿದ್ದು ಹಿಜರಿ 5ನೇ ವರ್ಷ, ಅಂದರೆ ಕ್ರಿ.ಶ. 627ರಲ್ಲಿ. ಅದು ಖಂದಕ್ ಯುದ್ಧದ ಸಮಯ. ಔಸ್ ಗೋತ್ರದ ನಾಯಕ ಹಝ್ರತ್ ಸಅದ್ ಬಿನ್ ಮುಆದ್(ರ) ಅವರ ತೋಳಿನ ರಕ್ತನಾಳಕ್ಕೆ ಬಾಣ ನಾಟಿತು. ಹತ್ತಿರದಿಂದಲೇ ಭೇಟಿಯಾಗಲು ಅನುಕೂಲವಾಗಲೆಂದು ಪ್ರವಾದಿ(ಸ)ಯವರು ಮಸೀದಿಯಲ್ಲೇ ಅವರಿಗಾಗಿ ಡೇರೆ ಹಾಕಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಶುಶ್ರೂಷೆ ಮಾಡುತ್ತಿದ್ದವರು ಯಾರೆಂಬುದನ್ನು ಇಮಾಮ್ ಬುಖಾರಿಯವರ ಇನ್ನೊಂದು ಗ್ರಂಥ ಅಲ್ ಅದಬುಲ್ ಮುಫ್ರದ್ ತಿಳಿಸುತ್ತದೆ. ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದ ರುಫೈದಾ ಎಂಬ ಮಹಿಳೆಯ ಬಳಿಗೆ ಸಅದ್(ರ) ಅವರನ್ನು ಸೇರಿಸಲಾಯಿತು. ಪ್ರವಾದಿ(ಸ)ಯವರು ಆ ದಾರಿಯಾಗಿ ಹೋಗುವಾಗ ಬೆಳಿಗ್ಗೆಯೂ ಸಂಜೆಯೂ ಅವರ ಆರೋಗ್ಯ ವಿಚಾರಿಸುತ್ತಿದ್ದರು.

ಇತಿಹಾಸಕಾರ ಇಬ್ನು ಇಸ್‌ಹಾಕ್ ಮತ್ತೂ ಒಂದು ಮಾತು ಸೇರಿಸುತ್ತಾರೆ. ಈಕೆ ಅಸ್ಲಮ್ ಗೋತ್ರದವರು. ನೋಡಿಕೊಳ್ಳಲು ಯಾರೂ ಇಲ್ಲದ ಮುಸ್ಲಿಮರ ಸೇವೆಯನ್ನು ಪುಣ್ಯದ ನಿರೀಕ್ಷೆಯಿಂದ ತಮ್ಮ ಮೇಲೆ ಹೊತ್ತುಕೊಂಡಿದ್ದರು.

ಆ ಕಾಲದಲ್ಲಿ ಗಾಯಾಳುಗಳ ಆರೈಕೆ ಮಾಡಿದ ಮಹಿಳೆ ಇವರೊಬ್ಬರೇ ಅಲ್ಲ. ಉಮ್ಮು ಅತಿಯ್ಯಾ(ರ) ಏಳು ದಂಡಯಾತ್ರೆಗಳಲ್ಲಿ ಜೊತೆಗಿದ್ದು ಅಡುಗೆ ಮಾಡಿದರು, ರೋಗಿಗಳನ್ನು ನೋಡಿಕೊಂಡರು. ರುಬಯ್ಯಿಅ್ ಬಿಂತ್ ಮುಅವ್ವಿದ್(ರ) ಯೋಧರಿಗೆ ನೀರು ಕೊಟ್ಟರು, ಗಾಯಗೊಂಡವರನ್ನು ಮದೀನಾಕ್ಕೆ ಸಾಗಿಸಿದರು. ರುಫೈದಾ(ರ) ಅವರ ವಿಶೇಷವೇನೆಂದರೆ, ಅವರ ಸೇವೆಗೆ ಒಂದು ನೆಲೆಯಿತ್ತು. ಗಾಯಾಳುವನ್ನು ಎಲ್ಲಿಗೆ ಒಯ್ಯಬೇಕೆಂದು ಜನರಿಗೆ ಗೊತ್ತಿತ್ತು. ಆ ನೆಲೆ ಇದ್ದದ್ದು ಪ್ರವಾದಿ(ಸ)ಯವರ ಮಸೀದಿಯಲ್ಲಿ.

ಸಅದ್(ರ) ಬದುಕಿ ಉಳಿಯಲಿಲ್ಲ. ಮಾಯುತ್ತಿದ್ದ ಗಾಯ ಮತ್ತೆ ಒಡೆದು, ಪಕ್ಕದ ಡೇರೆಯಲ್ಲಿದ್ದವರು ತಮ್ಮತ್ತ ರಕ್ತ ಹರಿದು ಬರುವುದನ್ನು ಕಂಡು ಬೆಚ್ಚಿದರು. ರುಫೈದಾ(ರ) ಅವರ ಅತ್ಯಂತ ಪ್ರಸಿದ್ಧ ರೋಗಿ ತೀರಿಹೋದರು. ಆದರೂ ಅವರ ಹೆಸರು ಉಳಿಯಿತು. ಜೀವ ಕೊಡುವವನು, ತೆಗೆಯುವವನು ಅಲ್ಲಾಹನು. ಮನುಷ್ಯನ ಪಾಲಿಗೆ ಬರುವುದು ಆರೈಕೆ ಮಾತ್ರ.

ಹಳೆಯ ಗ್ರಂಥಗಳಲ್ಲಿ ಅವರ ಬಗ್ಗೆ ಇರುವುದು ಇಂಥ ಕೆಲವೇ ಸಾಲುಗಳು. ಇಬ್ನು ಸಅದ್ ಅವರ ತಬಕಾತ್‌ನಲ್ಲಂತೂ ಮಸೀದಿಯ ಡೇರೆಯಲ್ಲಿ ಚಿಕಿತ್ಸೆ ನೀಡಿದವರ ಹೆಸರು ಕುಅಯ್ಬಾ ಬಿಂತ್ ಸಅದ್ ಎಂದಿದೆ. ಅವರೂ ಅಸ್ಲಮ್ ಗೋತ್ರದವರೇ. ಹೆಸರಿನಲ್ಲಿ ವ್ಯತ್ಯಾಸವಿದ್ದರೂ ಡೇರೆಯ ಬಗ್ಗೆ, ಅದನ್ನು ನಡೆಸಿದವರು ಒಬ್ಬ ಮಹಿಳೆ ಎಂಬುದರ ಬಗ್ಗೆ ವ್ಯತ್ಯಾಸವಿಲ್ಲ.

ಆಧುನಿಕ ಶುಶ್ರೂಷೆಯ ಇತಿಹಾಸ ಹೇಳುವವರು ಫ್ಲಾರೆನ್ಸ್ ನೈಟಿಂಗೇಲ್ ಅವರಿಂದ ಆರಂಭಿಸುತ್ತಾರೆ. ಅವರು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಹೊರಟದ್ದು 1854ರಲ್ಲಿ. ಅವರ ಸೇವೆ ದೊಡ್ಡದು, ಅದನ್ನು ಕಡಿಮೆ ಮಾಡಬೇಕಾಗಿಲ್ಲ. ಆದರೆ ಹನ್ನೆರಡು ಶತಮಾನಗಳ ಹಿಂದೆಯೇ ಮದೀನಾದಲ್ಲಿ ಒಂದು ಡೇರೆ ಇತ್ತೆಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಮರೆತಂತಿದ್ದ ಹೆಸರು ಮತ್ತೆ ಕೇಳಿಬರತೊಡಗಿದ್ದೂ ಶುಶ್ರೂಷೆಯ ದಾರಿಯಿಂದಲೇ. ದೆಹಲಿಯ ಜಾಮಿಯಾ ಹಮ್ದರ್ದ್ ವಿಶ್ವವಿದ್ಯಾಲಯದ ನರ್ಸಿಂಗ್ ಕಾಲೇಜಿಗೆ ರುಫೈದಾ ಎಂದೇ ಹೆಸರು. ಬಹ್ರೈನ್‌ನ ವೈದ್ಯಕೀಯ ವಿಶ್ವವಿದ್ಯಾಲಯವೊಂದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಅವರ ಹೆಸರಿನಲ್ಲಿ ಬಹುಮಾನ ಕೊಡುತ್ತದೆ.

ಇಲ್ಲಿ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಒಂದು ಮಾತಿದೆ. ಮಗಳಿಗೆ ರುಫೈದಾ ಎಂದು ಹೆಸರಿಡಲು ಖುಷಿಪಡುತ್ತೇವೆ. ಅದೇ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೇನೆ ಎಂದರೆ? ರಾತ್ರಿ ಪಾಳಿ ಇರುತ್ತದೆ, ಒಳ್ಳೆಯ ಸಂಬಂಧ ಬರುವುದಿಲ್ಲ, ಯಾರ್‍ಯಾರದೋ ಮೈ ಒರೆಸುವ ಕೆಲಸ ನಮಗೆ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಆದರೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ ದಿನ ನಾವು ಮೊದಲು ಕೇಳುವುದು, "ಹೆಂಗಸರ ನರ್ಸ್ ಇದ್ದಾರಾ?" ಎಂದು. ಎಲ್ಲರೂ ತಮ್ಮ ಮಗಳನ್ನು ತಡೆದರೆ ನಮ್ಮ ತಾಯಂದಿರ ಹಾಸಿಗೆಯ ಬಳಿ ನಿಲ್ಲುವವರು ಯಾರು? ಸುರಕ್ಷತೆ, ಮರ್ಯಾದೆ, ನಮಾಝಿನ ಅನುಕೂಲಗಳ ಬಗ್ಗೆ ಪಾಲಕರು ಕೇಳಲೇಬೇಕು, ವ್ಯವಸ್ಥೆಯನ್ನೂ ಮಾಡಿಸಿಕೊಳ್ಳಬೇಕು. ಕೆಲಸವನ್ನೇ ಕೀಳೆಂದು ಕಾಣುವುದು ಬೇರೆ. ಪ್ರವಾದಿ(ಸ)ಯವರು ತಮ್ಮ ಮಸೀದಿಯಲ್ಲಿ ಜಾಗ ಕೊಟ್ಟ ಕೆಲಸ ಅದು.

ಹೆಸರು ಅಪರೂಪವೆಂಬ ಒಂದೇ ಕಾರಣಕ್ಕೆ ಆರಿಸಬೇಡಿ. ಅರ್ಥ ತಿಳಿದು ಇಡಿ, ಮಗು ಬೆಳೆದಂತೆ ಆ ಡೇರೆಯ ಕಥೆಯನ್ನು ಹೇಳಿ. ಆಕೆ ನರ್ಸ್ ಆಗಲಿ, ಶಿಕ್ಷಕಿಯಾಗಲಿ, ಗೃಹಿಣಿಯಾಗಲಿ, ಯಾರೂ ಇಲ್ಲದವರಿಗೆ ಆಸರೆಯಾಗಿ ನಿಲ್ಲಲಿ. ನಮ್ಮ ಹೆಣ್ಣು ಮಕ್ಕಳನ್ನು ಅವರ ಹೆಸರಿಗೆ ತಕ್ಕವರನ್ನಾಗಿ ಅಲ್ಲಾಹನು ಬೆಳೆಸಲಿ. ಆಮೀನ್.